ನಾನು ಮಾಡಿದ ತಾಜ್ ಮಹಲಿನಲ್ಲಿ ಮೂರು ಗೋರಿ

ಮೂವತ್ತು ವರ್ಷ ನಾನು ವಿಮಾನಗಳ ಎಡ ಅರ್ಧವನ್ನು ಮಾತ್ರ ಮಾಡಿದವಳು. ಎಡಗಡೆಯ ರೆಕ್ಕೆ, ಎಡಗಡೆಯ ಎಂಜಿನ್, ಹೊಟ್ಟೆಯ ಎಡ ಭಾಗ. ಬಲಗಡೆಯದನ್ನು ಮೊದಮೊದಲು ಟ್ರೇಸಿಂಗ್ ಹಾಳೆ ಮಗುಚಿ ಹಾಕಿ ತೆಗೆಯುತ್ತಿದ್ದೆ. ಆಮೇಲೆ ಕಂಪ್ಯೂಟರ್ ಬಂತು. ‘ಮಿರರ್’ ಎಂಬ ಒಂದು ಗುಂಡಿ ಒತ್ತಿದರೆ ಬಲಗಡೆ ತಾನಾಗಿ ಹುಟ್ಟಿಕೊಳ್ಳುತ್ತಿತ್ತು. ಅಷ್ಟು ಹೊತ್ತು ನಾನು ಆರಾಮಾಗಿ ಚಹಾ ಕುಡಿಯಬಹುದಿತ್ತು. ಇಷ್ಟು ಸುಖ ಕೊಟ್ಟ ಆ ಗುಂಡಿಯೇ ನನ್ನ ಕೊನೆಯ ಕೆಲಸದಲ್ಲಿ ನನ್ನ ಮರ್ಯಾದೆ ತೆಗೆಯಿತು.

ಪರದೇಶದ ಟೊರೆನ್ಸ್ ಎಂಬ ಊರಿನಲ್ಲಿ ನಮ್ಮದು ಮಾಡೆಲ್ ಶಾಪ್. ವಿಮಾನ ಕಂಪನಿಗಳಲ್ಲಿ ದೊಡ್ಡ ಸಾಹೇಬರ ಮೇಜಿನ ಮೇಲೆ, ಒಂದು ಕಂಬಿಯ ತುದಿಯಲ್ಲಿ ಪುಟ್ಟ ವಿಮಾನ ಹಾರುತ್ತ ನಿಂತಿರುತ್ತದಲ್ಲ, ಅಂಥವು ನಮ್ಮಲ್ಲಿ ತಯಾರಾಗುತ್ತಿದ್ದವು. ಈ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರು ಈಗಲೂ ಫೋನ್ ಮಾಡುತ್ತಾರೆ. “ಆಂಟಿ, ಯಾವ ಸಾಫ್ಟ್‌ವೇರ್ ಕಲಿತ್ರೆ ಒಳ್ಳೇದು?” ಎನ್ನುತ್ತಾರೆ. ಮೊದಲು ಕೈ ತೊಳೆಯುವುದನ್ನು ಕಲಿಯಿರಿ ಎನ್ನುತ್ತೇನೆ. ಅವರು ನಗುತ್ತಾರೆ. ಅಂಟು ಮೆತ್ತಿದ ಬೆರಳಿನಿಂದ ಬಿಳಿ ರೆಕ್ಕೆ ಮುಟ್ಟಿ, ಮೂರು ದಿನ ಹಚ್ಚಿದ ಬಣ್ಣವನ್ನೆಲ್ಲ ಮತ್ತೆ ಉಜ್ಜಿ ತೆಗೆದವರಿಗೆ ನಗು ಬರುವುದಿಲ್ಲ. ನನಗೆ ಯಾವಾಗ ಯಾವ ಹುದ್ದೆ ಸಿಕ್ಕಿತು ಎಂಬುದರಲ್ಲಿ ನಿಮಗೆ ಕಲಿಯುವಂಥದ್ದು ಏನೂ ಇಲ್ಲ. ತಪ್ಪುಗಳಲ್ಲಿ ಇದೆ, ಅವು ನನ್ನ ಹತ್ತಿರ ಬೇಕಾದಷ್ಟಿವೆ.

ಶಾಪಿನ ಯಜಮಾನ ಹೆಕ್ಟರ್. ಅಪ್ಪನ ಕಾಲದಿಂದ ಬಂದ ಶಾಪು ಅದು. ಹೆಕ್ಟರ್ ಮುಗಿದ ಮಾಡೆಲನ್ನು ನೋಡುವಾಗ ಕೋಣೆಯ ದೀಪವನ್ನೆಲ್ಲ ಆರಿಸಿ, ಒಂದು ಟಾರ್ಚನ್ನು ಪಕ್ಕದಿಂದ ಹಿಡಿಯುತ್ತಿದ್ದ. ಆ ಬೆಳಕಿನಲ್ಲಿ ಕೂದಲೆಳೆಯಷ್ಟು ಗೀರಿದ್ದರೂ ಗುಡ್ಡದಷ್ಟು ಕಾಣುತ್ತಿತ್ತು. ಹೊಗಳುವ ಅಭ್ಯಾಸ ಅವನಿಗೆ ಇರಲಿಲ್ಲ. ಬಹಳ ಖುಷಿಯಾದರೆ “ಪರವಾಗಿಲ್ಲ” ಎನ್ನುತ್ತಿದ್ದ. ಕಂಪ್ಯೂಟರ್ ಬಂದ ಹೊಸದರಲ್ಲಿ ನಾನೊಂದು ವಿಮಾನವನ್ನು ಮಿರರ್ ಮಾಡಿ, ಬಲಗಡೆಯ ಹೊಟ್ಟೆಯ ಮೇಲೆ ಕಂಪನಿಯ ಹೆಸರು ತಿರುಗುಮುರುಗಾಗಿ ಬಂದದ್ದನ್ನು ಗಮನಿಸದೆ ಪೆಟ್ಟಿಗೆಗೆ ಹಾಕಿಬಿಟ್ಟಿದ್ದೆ. ವ್ಯಾನ್ ಹೊರಡುವ ಮೊದಲು ಹೆಕ್ಟರ್ ಪೆಟ್ಟಿಗೆ ಬಿಚ್ಚಿಸಿ ಟಾರ್ಚ್ ಹಿಡಿದ. ಬೈಯಲಿಲ್ಲ. ಒಂದು ಕನ್ನಡಿ ತಂದು ಕೊಟ್ಟು, “ಇದನ್ನೂ ಜೊತೆಗೆ ಕಳಿಸು, ಓದಿಕೊಳ್ಳಲಿ,” ಎಂದ. ಆವತ್ತಿನಿಂದ ಅಕ್ಷರಗಳ ವಿಷಯದಲ್ಲಿ ಮಾತ್ರ ಹುಷಾರಾದೆ.

2020ರ ಶುರುವಿನಲ್ಲಿ ಸ್ಯಾನ್ ಡಿಯೇಗೊದ ಒಂದು ಮ್ಯೂಸಿಯಂನಿಂದ ಕೆಲಸ ಬಂತು. ಕಣ್ಣು ಕಾಣದವರಿಗಾಗಿ ಒಂದು ಪ್ರದರ್ಶನ. ಜಗತ್ತಿನ ಹೆಸರಾಂತ ಕಟ್ಟಡಗಳನ್ನು ಕೈಯಿಂದ ಮುಟ್ಟಿ ನೋಡುವಂಥದ್ದು. ನಮ್ಮ ಪಾಲಿಗೆ ತಾಜ್ ಮಹಲ್. ಹೆಕ್ಟರ್ ನಕ್ಷೆಗಳ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ಸುಮಿತ್ರಾ, ನಿಮ್ಮೂರಿನದು,” ಎಂದ. ನಾನು ವಿಜಯಪುರದವಳು. ಆಗ್ರಾ ನಮ್ಮೂರಿಗೆ ಎಷ್ಟು ದೂರ ಎಂದು ಅವನಿಗೆ ಹೇಳುತ್ತ ಕೂರುವ ಬದಲು ಒಪ್ಪಿಕೊಂಡೆ. ಆಗ್ರಾವನ್ನು ನಾನು ಕಂಡವಳೇ ಅಲ್ಲ. ಗೋಳಗುಮ್ಮಟದ ನೆರಳಿನಲ್ಲಿ ಬೆಳೆದವಳು, ತಾಜ್ ಮಹಲ್ ಬಿಸ್ಕತ್ತಿನ ಡಬ್ಬಿಯ ಮೇಲಿನ ಚಿತ್ರ ಎಂಬಷ್ಟೇ ಉಡಾಫೆ ನನಗಿತ್ತು.

ಮುಟ್ಟಿ ನೋಡುವ ಪ್ರದರ್ಶನಕ್ಕೆ ನಾವು ಒಪ್ಪಿದ್ದೇ ತಡ, ಊರೆಲ್ಲ ಒಬ್ಬರನ್ನೊಬ್ಬರು ಮುಟ್ಟುವುದನ್ನೇ ಬಿಟ್ಟಿತು. ಶಾಪಿಗೆ ಬೀಗ ಬಿತ್ತು. ವಿಮಾನ ಕಂಪನಿಗಳ ಕೆಲಸ ಒಂದೊಂದಾಗಿ ನಿಂತುಹೋಯಿತು. ಮ್ಯೂಸಿಯಂನವರು ಮಾತ್ರ, ನಿಧಾನವಾದರೂ ಮಾಡಿ, ಎಂದರು. ಹೆಕ್ಟರ್ ಒಂದು ದಿನ ಫೋನಿನಲ್ಲಿ, “ಇದು ಮುಗಿದ ಮೇಲೆ ನಾನು ಶಾಪ್ ಮುಚ್ಚುತ್ತೇನೆ. ನೀನೂ ರಿಟೈರ್ ಆಗು. ಇದನ್ನು ಚೆನ್ನಾಗಿ ಮಾಡೋಣ,” ಎಂದ. ಹಾಗೆ ತಾಜ್ ಮಹಲ್ ನಮ್ಮಿಬ್ಬರ ಕೊನೆಯ ಕೆಲಸವಾಯಿತು.

ಅದಕ್ಕೆ ಒಂದು ಷರತ್ತಿತ್ತು. ಕಣ್ಣು ಕಾಣದ ಮೂವರು ಪರೀಕ್ಷಕರು ಮಾಡೆಲನ್ನು ಮುಟ್ಟಿ ನೋಡಿ ಒಪ್ಪಬೇಕು. ಒಬ್ಬರು ಒಲ್ಲೆ ಎಂದರೂ ಅದು ಪ್ರದರ್ಶನಕ್ಕೆ ಹೋಗುವುದಿಲ್ಲ, ಗೋದಾಮಿಗೆ ಹೋಗುತ್ತದೆ. ಇಬ್ಬರು ಹೊರಗಿನ ಆಕಾರ ಮುಟ್ಟಿಯೇ ಬೇಗ ಒಪ್ಪಿದರು. ಮೂರನೆಯವರು ಸ್ಯಾನ್ ಡಿಯೇಗೊ ಪಕ್ಕದ ಲಾ ಹೋಯಾದ ಪಾಟೀಲ ಸರ್.

ಪಾಟೀಲ ಸರ್ ಬಾಗಲಕೋಟೆ ಕಡೆಯವರು. ಸಮುದ್ರ ಸಂಶೋಧನಾ ಸಂಸ್ಥೆಯಲ್ಲಿ ಜೀವನವೆಲ್ಲ ಅಲೆಗಳನ್ನು ಅಳೆದವರು. ಐವತ್ತು ದಾಟುವಷ್ಟರಲ್ಲಿ ಗ್ಲಾಕೋಮಾದಿಂದ ದೃಷ್ಟಿ ಹೋಯಿತು. ಆಮೇಲೂ ಕೈಯಿಂದ, ಕಿವಿಯಿಂದ ಕೆಲಸ ಮಾಡಿ ನಿವೃತ್ತರಾದರು. ಅವರ ಹೆಂಡತಿ ಕಮಲಕ್ಕ ಹಿಂದೊಮ್ಮೆ ತಂಗಿಯ ಜೊತೆ ಆಗ್ರಾಕ್ಕೆ ಹೋಗಿ ತಾಜ್ ನೋಡಿ ಬಂದಿದ್ದರು. ಆಗಿನಿಂದ ಗಂಡನಿಗೆ ಅದನ್ನು ವರ್ಣಿಸುತ್ತಲೇ ಇದ್ದರು. ಕಣ್ಣಿದ್ದಾಗ ಚಿತ್ರದಲ್ಲಷ್ಟೇ ಕಂಡಿದ್ದ ಅವರು, ಅದು ಅಷ್ಟು ಚಂದ ಎಂದು ಒಂದು ಸಲವೂ ನಂಬಿರಲಿಲ್ಲ.

ಮೊದಲ ಸಲ ಅವರ ಮನೆಗೆ ಹೋದಾಗ 405 ಹೆದ್ದಾರಿ ಖಾಲಿ ಹೊಡೆಯುತ್ತಿತ್ತು. ಮೂವತ್ತು ವರ್ಷ ಆ ರಸ್ತೆಯಲ್ಲಿ ಬ್ರೇಕ್ ತುಳಿದವಳಿಗೆ ಅಷ್ಟು ಖಾಲಿ ರಸ್ತೆ ಕಂಡು ಹೆದರಿಕೆಯಾಯಿತು. ಹಿತ್ತಲಿನಲ್ಲಿ ಮೇಜು ಹಾಕಿದ್ದರು. ನಾನು ಮಾಡೆಲ್ ಇಟ್ಟು ದೂರ ಸರಿದು ನಿಂತೆ.

“ಬರ್ರಿ ಸುಮಿತ್ರಾಬಾಯಿ,” ಎಂದರು ಪಾಟೀಲ ಸರ್. “ಇಕಿ ಮೂವತ್ತ ವರ್ಷ ತಾಜ್ ಮಹಲ್ ತಾಜ್ ಮಹಲ್ ಅಂತ ನನ್ನ ತಲಿ ತಿಂದಾಳ. ಹೆಚ್ಚ ಮಾಡಿ ಹೇಳ್ತಾಳ ಅಂತ ನಂಗ ಡೌಟ್. ನಮ್ಮ ಗೋಳಗುಮ್ಮಟ ಇದರಕಿಂತ ದೊಡ್ಡದು ಐತಿ, ಹೌದಿಲ್ಲೊ?”

“ಗುಮ್ಮಟ ದೊಡ್ಡದು ಅದ ಸರ್,” ಎಂದೆ. ಊರಿನ ಅಭಿಮಾನ ಎಲ್ಲಿ ಬಿಡುತ್ತದೆ.

“ದೊಡ್ಡದು ಅಂದ್ರ ಚಂದ ಆತೇನು?” ಎಂದರು ಒಳಗಿನಿಂದ ಚಹಾ ತರುತ್ತಿದ್ದ ಕಮಲಕ್ಕ. “ಮುಟ್ಟಿ ನೋಡ್ರಿ ಮೊದಲ, ಆಮ್ಯಾಲ ಮಾತಾಡ್ರಿ.”

ಸರ್ ಮುಟ್ಟುವ ಮೊದಲು ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡರು. ನಾಲ್ಕೂ ಮಿನಾರುಗಳನ್ನು ಕೆಳಗಿನಿಂದ ಮೇಲಿನವರೆಗೆ ಸವರಿದರು. ಚಹಾ ಮುಗಿಯುವಷ್ಟರಲ್ಲಿ ಮಿನಾರುಗಳ ಮೈಮೇಲೆಲ್ಲ ಸಣ್ಣ ಸಣ್ಣ ಬಿರುಕು ಎದ್ದಿತ್ತು. ಅಕ್ರಿಲಿಕ್‌ಗೆ ಸ್ಪಿರಿಟ್ ಆಗದು ಎಂಬುದು ನಮ್ಮ ಕಸುಬಿನಲ್ಲಿ ಒಂದನೆಯ ದಿನ ಕಲಿಯುವ ಪಾಠ. ಊರಿಗೆ ಊರೇ ಕೈಗೆ ಸ್ಪಿರಿಟ್ ಹಚ್ಚಿಕೊಂಡು ತಿರುಗುವ ಕಾಲದಲ್ಲಿ ನಾನು ಅಕ್ರಿಲಿಕ್ ಮಿನಾರು ಮಾಡಿಕೊಂಡು ಹೋಗಿದ್ದೆ. ನಾಚಿಕೆಯಾಗಿ, ಸರ್‌ಗೆ ಹೇಳದೆ ಕಟ್ಟಿಕೊಂಡು ಬಂದೆ. ಹೇಳಬೇಕಾಗಿಯೂ ಇರಲಿಲ್ಲ, ಅವರ ಬೆರಳಿಗೆ ನನಗಿಂತ ಮೊದಲೇ ತಿಳಿದಿತ್ತಂತೆ. ಆಮೇಲೆ ಕಮಲಕ್ಕ ಹೇಳಿದರು.

ಹೆಕ್ಟರ್ ಆಗ ಅಮೃತಶಿಲೆಯಲ್ಲೇ ಮಾಡೋಣ ಎಂದ. ಸ್ಯಾಂಟಾ ಕ್ಲಾರಿಟಾದಲ್ಲಿ ಯಾರದೋ ಹೊಸ ಮನೆಯ ಅಡುಗೆಕಟ್ಟೆಗೆ ಕತ್ತರಿಸಿ ಉಳಿದ ಬಿಳಿ ಕಲ್ಲನ್ನು ಹುಡುಕಿ ತಂದ. ನಾನು ಅದುವರೆಗೆ ಕಲ್ಲು ಮುಟ್ಟಿದವಳಲ್ಲ. ಮರ, ಫೋಮ್, ಪ್ಲಾಸ್ಟಿಕ್ ಎಲ್ಲ ಒಂದು ತಪ್ಪನ್ನು ಕ್ಷಮಿಸುತ್ತವೆ. ಕಲ್ಲು ಕ್ಷಮಿಸುವುದಿಲ್ಲ. ಯಂತ್ರ ನೀರು ಚಿಮ್ಮಿಸುತ್ತ ಮೊದಲ ಗುಮ್ಮಟವನ್ನು ಕಡೆದು ಮುಗಿಸಿದಾಗ ಅದನ್ನು ಒರೆಸಿ ಕೈಗೆತ್ತಿಕೊಂಡೆ. ತಂಪಾಗಿತ್ತು, ಭಾರವಿತ್ತು, ಮೈ ಉಬ್ಬಿ ಆಮೇಲೆ ಕೊರಳಿನ ಕಡೆಗೆ ಒಳಗೆ ಹೋಗಿತ್ತು. ಗೋಳಗುಮ್ಮಟ ಭೂಮಿಯ ಮೇಲೆ ಕೂತಿದೆ, ಇದು ಭೂಮಿಯಿಂದ ಏಳುತ್ತಿದೆ ಎಂದು ಆವತ್ತು ನನಗೆ ಅನ್ನಿಸಿತು. ಬಿಸ್ಕತ್ತಿನ ಡಬ್ಬಿಯ ಉಡಾಫೆ ಅಲ್ಲಿಗೆ ಮುಗಿಯಿತು. ಮನೆಗೆ ಹೋಗಿ ರಾತ್ರಿ ಊಟದ ಹೊತ್ತಿನಲ್ಲೂ ಅದರದೇ ಮಾತು.

ಎರಡನೆಯ ಸಲ ಹೋದಾಗ ಒಂದು ಗೋಡೆಯ ತುಂಡನ್ನು ಒಯ್ದಿದ್ದೆ. ಬಿಳಿ ಕಲ್ಲಿನಲ್ಲಿ ಹೂಬಳ್ಳಿ ಕೊರೆದು, ಅದರೊಳಗೆ ಕೆಂಪು, ಹಸಿರು ಕಲ್ಲಿನ ಚೂರು ಕೂರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ಉಜ್ಜಿದ್ದೆ. ಎರಡು ತಿಂಗಳ ಕೆಲಸ. ಸರ್ ಅಂಗೈಯಿಂದ ಸವರಿದರು, ಬೆರಳ ತುದಿಯಿಂದ ಸವರಿದರು.

“ಹೂವು ಎಲ್ಲೈತ್ರಿ?”

“ನಿಮ್ಮ ಕೈ ಕೆಳಗ ಅದ ಸರ್. ಮೂಲದಾಗೂ ಹಿಂಗ, ಬೆರಳಿಗೆ ಸಂದು ಸಿಗೂದಿಲ್ಲ. ಅದ ಅದರ ಹೆಚ್ಚುಗಾರಿಕಿ.”

“ಕಣ್ಣಿದ್ದೋರಿಗೆ ಹೆಚ್ಚುಗಾರಿಕಿ,” ಎಂದು ನಕ್ಕರು. “ನಂಗ ನೀವು ಅಡುಗಿಕಟ್ಟಿ ತಂದು ಮುಟ್ಟಸೀರಿ.”

ಅದು ಅಡುಗೆಕಟ್ಟೆಯದೇ ಕಲ್ಲು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಹೊಸಬರಿಗೆ ಈ ಮಾತನ್ನು ಒತ್ತಿ ಹೇಳುತ್ತೇನೆ: ಯಾರಿಗಾಗಿ ಮಾಡುತ್ತಿದ್ದೀರೋ ಅವರ ಹತ್ತಿರ ಮೊದಲು ಹೋಗಿ. ನಾನು ಎರಡು ತಿಂಗಳು ನನ್ನ ಕಣ್ಣಿಗಾಗಿ ಕೆಲಸ ಮಾಡಿದ್ದೆ. ಆಮೇಲೆ ಹೂಗಳನ್ನು ಒಂದಿಷ್ಟು ಮೇಲೆತ್ತಿ ಮತ್ತೆ ಮಾಡಿದೆವು.

ಮುಂದಿನ ವರ್ಷ, ಲಸಿಕೆ ಎಲ್ಲ ಆದ ಮೇಲೆ, ಇಡೀ ಮಾಡೆಲನ್ನು ವ್ಯಾನಿನಲ್ಲಿ ಹಾಕಿಕೊಂಡು ಹೆಕ್ಟರ್ ಮತ್ತು ನಾನು ಲಾ ಹೋಯಾಕ್ಕೆ ಹೋದೆವು. ಮುಖ್ಯ ಕಟ್ಟಡ, ನಾಲ್ಕು ಮಿನಾರು; ಗುಮ್ಮಟ ಎತ್ತಿಟ್ಟರೆ ಒಳಗಿನ ಎಂಟು ಮೂಲೆಯ ಕೋಣೆ, ಜಾಲಂದ್ರದ ಕಟಕಟೆ, ಅದರೊಳಗೆ ಗೋರಿಗಳು. ತಾಜ್ ಮಹಲಿನಷ್ಟು ಎಡಬಲ ಒಂದೇ ಆಗಿರುವ ಕಟ್ಟಡ ಇನ್ನೊಂದಿಲ್ಲ. ಒಂದು ಕಡೆ ಮಸೀದಿ ಇದೆಯೆಂದು ಇನ್ನೊಂದು ಕಡೆ ಅದೇ ಆಕಾರದ ಅತಿಥಿಗೃಹ ಕಟ್ಟಿದ ಜನ ಅವರು. ವಿಮಾನದವಳಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಏನಿದೆ? ಪಶ್ಚಿಮದ ಅರ್ಧ ಮಾಡಿದ್ದೆ, ಗುಂಡಿ ಒತ್ತಿದ್ದೆ.

ಪಾಟೀಲ ಸರ್ ತೋಳು ಮಡಚಿ ಕೂತರು. ಮೊದಲು ಮಿನಾರು.

“ಇವು ವಾಲ್ಯಾವಲ್ರಿ. ಹೊರಗಿನ ಕಡೆ.”

“ಹೌದು ಸರ್. ಅವು ಹಂಗ ಅದಾವ. ಎಂದಾರ ಬಿದ್ದರ ಹೊರಗ ಬೀಳ್ಲಿ, ಗುಮ್ಮಟದ ಮ್ಯಾಲೆ ಬೀಳಬಾರದು ಅಂತ ಬೇಕಂತ ವಾಲಿಸ್ಯಾರ.”

“ಶಾಣ್ಯಾ ಮಂದಿ.” ಕೈ ಮುಂದೆ ಹೋಯಿತು. ದೊಡ್ಡ ಕಮಾನಿನ ಸುತ್ತ ಬರಹದ ಪಟ್ಟಿ ಇದೆ. ಅದನ್ನು ನಾನು ಉಬ್ಬು ಗೆರೆಗಳಲ್ಲಿ ತೋರಿಸಿದ್ದೆ. “ಇಲ್ಲಿ ನಿಮ್ಮ ಮಶಿನ್ ಕೆಟ್ಟೈತಿ. ಕೆಳಗ ಅಕ್ಷರ ಸಣ್ಣು ಅದಾವ, ಮ್ಯಾಲೆ ಹೋಗ್ತ ಹೋಗ್ತ ದಪ್ಪ ಆಗ್ಯಾವ.”

ನನಗೆ ಖುಷಿಯಾಯಿತು. “ಮಶಿನ್ ಕೆಟ್ಟಿಲ್ಲ ಸರ್. ಕೆಳಗ ನಿಂತು ನೋಡಿದ್ರ ಮ್ಯಾಲಿನ ಅಕ್ಷರ ದೂರ ಇರ್ತಾವ, ಸಣ್ಣು ಕಾಣ್ತಾವ. ಅದಕ್ಕ ಮ್ಯಾಲೆ ಹೋದಂಗ ದೊಡ್ಡದು ಬರದಾರ. ಕಣ್ಣಿಗೆ ಎಲ್ಲಾ ಒಂದ ಅಳತಿ ಅನಸ್ತದ.”

ಅವರ ಮುಖ ಅರಳಿತು. “ಕಮಲಾ, ಇದನ್ನ ನೀ ಹೇಳಿರಲಿಲ್ಲ.”

“ನಂಗೇನ್ ಗೊತ್ತು. ನಂಗ ಎಲ್ಲಾ ಒಂದ ಅಳತಿ ಕಂಡಿತ್ತು,” ಎಂದರು ಕಮಲಕ್ಕ.

“ಇಷ್ಟೆಲ್ಲಾ ಕಣ್ಣಿದ್ದೋರಿಗೆ ಮೋಸ ಮಾಡಿ, ಖರೆ ಅಳತಿ ನನ್ನ ಕೈಗೆ ಕೊಟ್ಟಾನ ನೋಡ್ರಿ ಇದನ್ನ ಬರದಂವಾ,” ಎಂದು ಸರ್ ಬಹಳ ಹೊತ್ತು ಆ ಪಟ್ಟಿಯ ಮೇಲೆ ಕೈಯಾಡಿಸಿದರು. ಅವರ ಸಂತೋಷ ನೋಡಿ ನನಗೆ ಗೆದ್ದ ಹಾಗೇ ಅನ್ನಿಸಿತು. ಹೆಕ್ಟರ್‌ಗೆ ಕಣ್ಣಿನಲ್ಲೇ ಸನ್ನೆ ಮಾಡಿದೆ.

ಆಮೇಲೆ ಗುಮ್ಮಟ ಎತ್ತಿಟ್ಟೆ. ಸರ್ ಕೈ ಕಟಕಟೆಯೊಳಗೆ ಇಳಿಯಿತು. ಆಚೆ ಈಚೆ ಹೋಯಿತು, ಮತ್ತೆ ಹೋಯಿತು.

“ಗೋರಿ ನಡುವ ಒಂದು. ಈ ಕಡೆ ಒಂದು. ಆ ಕಡೆ ಒಂದು. ಹೌದ್ರೇನು?”

“ಹೌದು ಸರ್, ಅದೂ ಹಂಗ ಅದ,” ಎಂದೆ, ನೋಡದೆ. ಎರಡು ಸಲ ಸರಿಯಾದವಳಿಗೆ ಮೂರನೆಯ ಸಲ ನೋಡುವ ತಾಳ್ಮೆ ಎಲ್ಲಿ?

“ಬಾದಶಹ ಒಬ್ಬಂವ. ಬೇಗಂ ಒಬ್ಬಾಕಿ. ಮೂರನೇದ್ದು ಯಾರ್ದ್ರಿ?”

ಆಗ ಬಗ್ಗಿ ನೋಡಿದೆ. ಇಡೀ ತಾಜ್ ಮಹಲಿನಲ್ಲಿ ಎಡಬಲ ಒಂದಾಗದ ವಸ್ತು ಇರುವುದು ಒಂದೇ. ಬೇಗಂಳ ಗೋರಿ ನಟ್ಟನಡುವೆ ಇದೆ. ಬಾದಶಹನದು ಆಮೇಲೆ ಬಂದದ್ದು, ಪಶ್ಚಿಮಕ್ಕೆ ಪಕ್ಕದಲ್ಲಿದೆ. ಅದನ್ನೂ ನಾನು ಮಿರರ್ ಮಾಡಿಬಿಟ್ಟಿದ್ದೆ. ಆ ಕಡೆ ಒಬ್ಬ ಬಾದಶಹ, ಈ ಕಡೆ ಒಬ್ಬ ಬಾದಶಹ, ನಡುವೆ ಬೇಗಂ. ಹೆಕ್ಟರ್ ಅದರ ಮೇಲೆ ಟಾರ್ಚ್ ಹಿಡಿದಿದ್ದ. ಮ್ಯೂಸಿಯಂನವರು ಫೋಟೊ ತೆಗೆದು ಮೆಚ್ಚಿಕೊಂಡಿದ್ದರು. ಆಗ್ರಾಕ್ಕೇ ಹೋಗಿ ಬಂದಿದ್ದ ಕಮಲಕ್ಕ ನಾನು ಗುಮ್ಮಟ ಎತ್ತಿದೊಡನೆ ಬಗ್ಗಿ ನೋಡಿ ಚಂದ ಆಗೇತಿ ಎಂದಿದ್ದರು. ಸಮನಾಗಿ ಕಂಡಿತೆಂದು ಯಾರೂ ಎಣಿಸಿರಲಿಲ್ಲ. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನ್ನಿಸಿತು.

“ತಪ್ಪಾಗ್ಯದ ಸರ್,” ಎಂದೆ. “ಎರಡ ಇರಬೇಕು.”

ಅವರು ಕೂತಲ್ಲೇ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದರು. ಕಮಲಕ್ಕ ಸೆರಗು ಬಾಯಿಗೆ ಒತ್ತಿಕೊಂಡರು. ಹೆಕ್ಟರ್ ಏನಾಯಿತು ಎಂದು ಕೇಳಿದ, ಹೇಳಿದೆ. ಅವನೂ ಮೂರನ್ನೂ ಬೆರಳಿಟ್ಟು ಎಣಿಸಿ, ಹಣೆ ಒತ್ತಿಕೊಂಡ. ಅಲ್ಲೇ ಉಳಿ ತೆಗೆದು ಪೂರ್ವದ ಬಾದಶಹನನ್ನು ಕಿತ್ತೆ. ಸರ್ ಮತ್ತೆ ಕೈ ಇಳಿಸಿದರು. ನಡುವಿನ ಗೋರಿ ಮುಟ್ಟಿದರು, ಅದರ ಪಕ್ಕಕ್ಕೆ ಸರಿದ ದೊಡ್ಡ ಗೋರಿ ಮುಟ್ಟಿದರು.

“ಊರೆಲ್ಲಾ ಅಂವಂದು. ನಡುವಿನ ಜಾಗ ಮಾತ್ರ ಹೆಂಡ್ತೀದು,” ಎಂದರು.

“ಕೇಳ್ರಿ, ಕೇಳ್ರಿ. ನಮ್ಮ ಮನ್ಯಾಗ ಸೋಫಾದ ನಡುವ ಯಾರ ಕೂಡ್ತಾರ ಅಂತ ಕೇಳ್ರಿ ಸುಮಿತ್ರಾ,” ಎಂದರು ಕಮಲಕ್ಕ.

ಇಷ್ಟೆಲ್ಲ ನಗೆಯಾದ ಮೇಲೆ ಒಪ್ಪಿಗೆ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದೆ. ಸರ್ ಕೈ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, “ಬ್ಯಾಸರಾ ಮಾಡ್ಕೋಬ್ಯಾಡ್ರಿ. ಎಲ್ಲಿ ಏನೈತಿ ಎಲ್ಲಾ ಗೊತ್ತಾತು. ಮಂದಿ ಯಾಕ ಇದನ್ನ ಚಂದ ಅಂತಾರ, ಅದು ಗೊತ್ತಾಗಲಿಲ್ಲ,” ಎಂದರು.

ಯಾವ ಬೈಗುಳಕ್ಕೂ ನಾನು ಅಷ್ಟು ಕುಗ್ಗಿರಲಿಲ್ಲ. ಸುಳ್ಳು ಒಪ್ಪಿಗೆ ಕೊಡಲು ಅವರಿಗೆ ಏನೂ ಕಷ್ಟವಿರಲಿಲ್ಲ. ಕೊಡಲಿಲ್ಲವೆಂದೇ ನನಗೆ ಗೌರವ. ಟೊರೆನ್ಸ್‌ಗೆ ಮರಳುವಾಗ ಹೆಕ್ಟರ್ ವ್ಯಾನ್ ಓಡಿಸಿದ. ನನ್ನ ಕೊನೆಯ ಕೆಲಸ ಗೋದಾಮಿನಲ್ಲಿ ಬಟ್ಟೆ ಹೊದ್ದು ಕೂತಿರುವುದು ಕಣ್ಣೆದುರು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಮನುಷ್ಯನ ಕೈಗೆ ಅದು ಸಿಗಲೇ ಇಲ್ಲವಲ್ಲ ಎಂದು ಸಂಕಟ.

ವಾರವಾದ ಮೇಲೆ ಕಮಲಕ್ಕನಿಗೆ ಫೋನ್ ಮಾಡಿದೆ. ಆಗ್ರಾದಲ್ಲಿ ಮೊದಲ ಸಲ ನೋಡಿದಾಗ ಏನಾಯಿತು, ಬಾಗಿಲಿನಿಂದ ಶುರುಮಾಡಿ ಹೇಳಿ ಎಂದೆ.

“ಏನ್ ಹೇಳ್ಲಿ ಸುಮಿತ್ರಾ. ಮೊದಲ ಒಂದು ದೊಡ್ಡ ಬಾಗಲಾ ಬರ್ತೈತಿ. ಒಳಗ ಕತ್ತಲಿ. ಮಂದಿ ನೂಕ್ಯಾಡತಿದ್ರು. ಹಂಗ ದಾಟಿದ್ವಿ, ಒಮ್ಮಿಂದೊಮ್ಮೆ ಎಲ್ಲಾ ಬೈಲಾತು. ನಟ್ಟನಡುವ ನೀರು. ಎಷ್ಟ ದೂರ ನಡದ್ರೂ ತಾಜ್ ಬರೂದ ಇಲ್ಲ. ನೀರಾಗ ನೋಡಿದ್ರ ಅಲ್ಲಿ ಇನ್ನೊಂದು ತಾಜ್, ತಲಿಕೆಳಗ. ನನ್ನ ತಂಗಿ ಖರೇದ್ದು ಬಿಟ್ಟು ನೀರಾಗಿಂದನ್ನ ನೋಡ್ಕೋತ ಹೊಂಟಿದ್ಲು.”

ಆಕೆ ಇನ್ನೂ ಮಾತಾಡುತ್ತಲೇ ಇದ್ದರು, ನಾನು ಪೆನ್ಸಿಲ್ ಹುಡುಕುತ್ತಿದ್ದೆ. ನಾನು ಪಾಟೀಲ ಸರ್ ಅವರನ್ನು ಬಾಗಿಲು, ತೋಟ, ನೀರು ಏನೂ ಇಲ್ಲದೆ ನೇರವಾಗಿ ಗೋರಿಯ ಮುಂದೆ ತಂದು ಕೂರಿಸಿದ್ದೆ. ವಿಮಾನಕ್ಕೆ ಅಂಗಳ ಇರುವುದಿಲ್ಲ, ಕಂಬಿಯ ತುದಿಯಲ್ಲಿ ನಿಲ್ಲಿಸಿದರೆ ಆಯಿತು. ಆ ಅಭ್ಯಾಸದಲ್ಲಿ ತಾಜ್ ಮಹಲನ್ನೂ ಕಂಬಿಯ ತುದಿಯಲ್ಲಿ ನಿಲ್ಲಿಸಿದ್ದೆ.

ಹೊಸ ಮೇಜು ಎರಡು ಆಳು ಉದ್ದವಾಯಿತು. ಒಂದು ತುದಿಗೆ ಬಾಗಿಲು: ಕೈ ಒಳಗೆ ತೂರಿಸಿದರೆ ಮಣಿಕಟ್ಟಿಗೆ ಕಲ್ಲು ತಗಲುವಷ್ಟು ಇಕ್ಕಟ್ಟು. ಅದು ದಾಟಿದರೆ ಬರೀ ಬಯಲು, ನಡುವೆ ಬೆರಳಗಲದ ಕಾಲುವೆ. ಇನ್ನೊಂದು ತುದಿಯಲ್ಲಿ ತಾಜ್. ನೀರಿನೊಳಗಿನ ತಾಜ್ ಮಾತ್ರ ಹೇಗೆ ಎಂದು ಹಲವು ದಿನ ಒದ್ದಾಡಿದೆ. ಪ್ರತಿಬಿಂಬವನ್ನು ಕೈಗೆ ಹೇಗೆ ಕೊಡುವುದು? ಕೊನೆಗೆ ಅದೇ ಹಾಳು ಗುಂಡಿಯನ್ನು ಇನ್ನೊಮ್ಮೆ ಒತ್ತಿದೆ, ಈ ಸಲ ಎಡಬಲಕ್ಕೆ ಬದಲು ಮೇಲೆ ಕೆಳಗೆ. ಮೇಜಿನ ಹಲಗೆಯೇ ನೀರು. ಹಲಗೆಯ ಮೇಲೆ ನೆಟ್ಟಗೆ ನಿಂತ ತಾಜ್. ಹಲಗೆಯ ಅಡಿಯಲ್ಲಿ ಅದರ ನೇರ ಕೆಳಗೆ, ತಲೆಕೆಳಗಾಗಿ ಇಳಿಬಿದ್ದ ಇನ್ನೊಂದು. ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟರೆ ಎರಡೂ ಒಟ್ಟಿಗೆ ಸಿಗಬೇಕು. ಹೆಕ್ಟರ್‌ಗೆ ತೋರಿಸಿದೆ. ಅವನು ಮೇಜಿನ ಕೆಳಗೆ ಮಲಗಿ ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದ. ಎದ್ದು ಬಂದವನು, “ಆದರೆ ನೀರು ಅಲುಗಾಡುತ್ತದೆ ಅಲ್ಲವಾ?” ಎಂದ.

ನೀರು ಎಷ್ಟು ಅಲುಗಾಡುತ್ತದೆ ಎಂದು ಕೇಳಲು ಈ ಇಡೀ ಕರಾವಳಿಯಲ್ಲಿ ಪಾಟೀಲ ಸರ್‌ಗಿಂತ ಬೇರೆ ಯಾರಿದ್ದಾರೆ? ಅವರ ಮನೆಗೆ ಹೋಗಿ, ಯಾಕೆಂದು ಹೇಳದೆ ಕೇಳಿದೆ. “ಯಾವ ಹೊತ್ತಿನ್ಯಾಗ? ಮುಂಜಾನೆನೋ ಸಂಜೀಕೋ?” ಎಂದರು. ಮುಂಜಾನೆ ಎಂದೆ. “ಕಮಲಾ, ಕಣಕ ಐತೇನು?” ಎಂದರು. ಕಮಲಕ್ಕ ಚಪಾತಿಗೆ ನಾದಿಟ್ಟಿದ್ದ ಹಿಟ್ಟನ್ನು ತಟ್ಟೆಯಲ್ಲಿ ಹರಡಿ ಕೊಟ್ಟರು. ಸರ್ ಅದರ ಮೇಲೆ ಬೆರಳಿನಿಂದ ಸಣ್ಣ ಸಣ್ಣ ಅಲೆ ಎಬ್ಬಿಸಿದರು, ಒಂದೆರಡನ್ನು ಅಳಿಸಿ ಮತ್ತೆ ಮಾಡಿದರು. ನಾನು ಆ ಹಿಟ್ಟಿಗೆ ಅಲ್ಲೇ ಪ್ಲಾಸ್ಟರ್ ಸುರಿದು ಅಚ್ಚು ತೆಗೆದುಕೊಂಡು ಬಂದೆ. ಆವತ್ತು ಅವರ ಮನೆಯಲ್ಲಿ ಅನ್ನ ಮಾತ್ರ. ಕೆಳಗಿನ ತಾಜ್ ಮಹಲಿನ ಮೈಮೇಲೆಲ್ಲ ಆ ಅಲೆ ಬಂತು. ಗುಮ್ಮಟ, ಮಿನಾರು ಎಲ್ಲ ಒಂದಿಷ್ಟು ನಡುಗಿದ ಹಾಗೆ.

ಕೊನೆಯ ಪರೀಕ್ಷೆ ಸ್ಯಾನ್ ಡಿಯೇಗೊದ ಮ್ಯೂಸಿಯಂನಲ್ಲೇ ನಡೆಯಿತು, 2023ರಲ್ಲಿ. ಪಾಟೀಲ ಸರ್ ಕೈ ಹಿಡಿದು ಬಾಗಿಲಿನ ಮುಂದೆ ನಿಲ್ಲಿಸಿದೆ. ಅವರ ಬಲಗೈ ಇಕ್ಕಟ್ಟಿನೊಳಗೆ ಹೋಯಿತು, ನಿಂತಿತು, 'ಇದೇನ್ ಕಿರಿಕಿರಿ' ಎಂಬಂತೆ ಹುಬ್ಬು ಗಂಟಿಕ್ಕಿದರು. ಆಮೇಲೆ ಕೈ ಆಚೆ ದಾಟಿ ಬಯಲಿಗೆ ಬಿತ್ತು. ಬೆರಳು ಕಾಲುವೆಯನ್ನು ಹುಡುಕಿಕೊಂಡು ಹೊರಟಿತು. ಅವರೂ ಮೇಜಿನ ಪಕ್ಕದಲ್ಲೇ ಒಂದೊಂದೇ ಹೆಜ್ಜೆ ಇಡುತ್ತ ಹೋದರು.

“ಇನ್ನಾ ಎಷ್ಟ ದೂರ ಐತ್ರಿ?”

ಕಮಲಕ್ಕ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಬೆರಳು ಮೆಟ್ಟಿಲು ಮುಟ್ಟಿತು, ಜಗಲಿ ಹತ್ತಿತು, ತಣ್ಣನೆಯ ಗೋಡೆಗೆ ತಾಗಿತು. ನಾನು ಅವರ ಎಡಗೈಯನ್ನು ಹಲಗೆಯ ಕೆಳಗೆ ಒಯ್ದು ಬಿಟ್ಟೆ. ಮೇಲಿನ ಕೈ ಗುಮ್ಮಟ ಏರಿತು, ಕೆಳಗಿನ ಕೈ ಗುಮ್ಮಟ ಇಳಿಯಿತು. ಮೇಲಿನದು ಗಟ್ಟಿ, ಕೆಳಗಿನದು ನಡುಗುವಂಥದ್ದು. ಎರಡೂ ತುದಿಯ ಕಳಶದವರೆಗೆ ಹೋಗಿ ಮತ್ತೆ ಹಿಂದೆ ಬಂದವು. ಅವರು ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ಭಯವಾಯಿತು.

“ಕಮಲಾ,” ಎಂದರು.

“ಇಲ್ಲೇ ಅದೀನಿ.”

“ನೀ ಹೇಳಿದ್ದು ಕಡಿಮಿ ಆತು.”

ಕಮಲಕ್ಕ ನನ್ನ ಕೈ ಬಿಟ್ಟು ಕನ್ನಡಕ ತೆಗೆದು ಒರೆಸಿಕೊಂಡರು. ಮೂವತ್ತು ವರ್ಷ ಕಾದ ಹೆಂಗಸು ಹೋಗಿ ಗಂಡನ ಪಕ್ಕದಲ್ಲಿ ನಿಂತರು. ಮ್ಯೂಸಿಯಂನವರು, ಹೆಕ್ಟರ್, ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಕನ್ನಡ ಬಾರದು. “ಪಾಸ್,” ಎಂದೆ. ಹೆಕ್ಟರ್ ಒಂದು ಸಲ ಮೇಜಿನ ಉದ್ದಕ್ಕೂ ನೋಡಿ “ಪರವಾಗಿಲ್ಲ” ಎಂದ. ಅಷ್ಟು ಸಂತೋಷ ನನಗೆ ಕೆಲಸದಲ್ಲಿ ಮತ್ತೆಂದೂ ಆಗಿಲ್ಲ, ಮುಂದೆ ಆಗುವ ಹಾಗೂ ಇಲ್ಲ.

ಪ್ರದರ್ಶನ ತೆರೆದ ದಿನ ನಾನು ನಿವೃತ್ತಳಾಗಿ ತಿಂಗಳಾಗಿತ್ತು. ಪಾಟೀಲ ಸರ್ ಸಂಜೆಯವರೆಗೆ ಆ ಮೇಜಿನ ಹತ್ತಿರದಿಂದ ಕದಲಲಿಲ್ಲ. ಕಣ್ಣಿದ್ದವರು ಬಂದರೆ ಕಣ್ಣು ಮುಚ್ಚಿಸದೆ ಬಿಡುತ್ತಿರಲಿಲ್ಲ. ಜನ ಕರಗಿದ ಮೇಲೆ ನನ್ನನ್ನು ಕರೆದರು.

“ಸುಮಿತ್ರಾಬಾಯಿ, ನೀವು ಇದನ್ನ ಕಣ್ಣ ಮುಚ್ಚಿ ನೋಡೀರೇನು?”

ನಾಚಿಕೆಯಾಯಿತು. ಮೂರು ವರ್ಷ ಕೈಗಾಗಿ ಕೆಲಸ ಮಾಡಿದವಳು ಪ್ರತಿ ಅಂಚನ್ನೂ ಕಣ್ಣಿನಿಂದಲೇ ಪರೀಕ್ಷಿಸಿದ್ದೆ. ತುಂಡು ತುಂಡಾಗಿ ಮುಟ್ಟಿದ್ದೆ, ಉಜ್ಜಿದ್ದೆ, ಇಡಿಯಾಗಿ ಒಮ್ಮೆಯೂ ಇಲ್ಲ. “ಇಲ್ಲ ಸರ್,” ಎಂದೆ.

“ಹಂಗಾರ ಬರ್ರಿ. ಚಪ್ಪಲ್ ಬಿಡೂದು ಬ್ಯಾಡ.”

ಕಣ್ಣು ಮುಚ್ಚಿದೆ. ಬಾಗಿಲಿನ ಕಲ್ಲು ಮಣಿಕಟ್ಟಿಗೆ ತಗಲಿತು. ಅದರ ಅಳತೆ ನನಗೆ ಬಾಯಿಪಾಠ, ಕೊರೆದವಳೇ ನಾನು. ಆದರೂ ಮುಂದೆ ಏನಿದೆ ಎಂದು ನನ್ನ ಕೈಗೆ ಗೊತ್ತಿರಲಿಲ್ಲ. ಹೆದರಿಕೆ, ಆಸೆ ಎರಡೂ ಒಟ್ಟಿಗೆ ಬಂದವು. ಹಿಂದಿನಿಂದ ಕಮಲಕ್ಕ, “ಮುಚ್ಚೂ ಹೊತ್ತಾತಂತ. ಸುಮಿತ್ರಾಂದು ಮುಗೀತೇನು?” ಎಂದು ಕೇಳಿದ್ದು ಕಿವಿಗೆ ಬಿತ್ತು.

“ಗದ್ದಲಾ ಮಾಡಬ್ಯಾಡ,” ಎಂದರು ಪಾಟೀಲ ಸರ್. “ಈಗ ಬಂದಾರ. ಇನ್ನಾ ಬಾಗಲದಾಗ ಅದಾರ.”